ಪುಡಿ ಬ್ಯಾಡ, ಒಂದೀಟು ನಿದ್ದಿ ಕೊಡ್ರಿ

ನೋಡ್ರಿ, ಇತ್ತೀಚಿಗೆ ಯಾವ ಹೆಣ್ಮಗಳು "ಭಾಳ ದಣದೀನಿ, ರಾತ್ರಿ ನಿದ್ದಿ ಬರವೊಲ್ತು" ಅಂದ್ರೂ ಎದುರಿಗಿದ್ದವರ ಬಾಯಿಂದ ಬರೋದು ಒಂದ ಮಾತು: "ಅಶ್ವಗಂಧ ತೊಗೋರಿ." ಗಂಡ ಅದನ್ನ ಅಂತಾನ, ಮಗ ಆನ್‌ಲೈನ್‌ನ್ಯಾಗ ತರಿಸಿಕೊಡ್ತಾನ, ಬೆಂಗಳೂರಾಗಿನ ಸೊಸಿ ಫೋನಿಗೆ ಲಿಂಕ್ ಕಳಸ್ತಾಳ. ಎರಡ ದಿನದಾಗ ಡಬ್ಬಿ ಬರ್ತದ, ಮ್ಯಾಲೆ "ಸ್ಟ್ರೆಸ್ ರಿಲೀಫ್" ಅಂತ ಬಂಗಾರದ ಅಕ್ಷರ. ಆದ್ರ ಆಕಿ ಕೈಯಾಗಿನ ಸೌಟು ಮಾತ್ರ ಯಾರೂ ಇಸಗೊಳ್ಳಂಗಿಲ್ಲ. ನನಗ ಸಿಟ್ಟು ಬರೋದು ಇಲ್ಲೆ.

ಗಿಡಮೂಲಿಕಿ ಬ್ಯಾಡ ಅನ್ನಾಕಿ ನಾ ಅಲ್ಲ ಮತ್ತ. ನಮ್ಮ ಹಿತ್ತಲದಾಗ ತುಳಸಿ ಅದ, ದೊಡ್ಡಪತ್ರಿ ಅದ, ನಲ್ಲಿ ಬುಡಕ್ಕ ಒಂದೆಲಗ ಹಬ್ಬೇದ. ನೆಗಡಿ ಬಂದ್ರ ಶುಂಠಿ, ಮೆಣಸು, ತುಳಸಿ ಕುದಿಸಿ ಬೆಲ್ಲ ಹಾಕಿ ಕುಡೀತೀವಿ. ಬ್ಯಾಸಗಿಯೊಳಗ ಕೊತ್ತಂಬರಿ-ಜೀರಗಿ ಕಷಾಯ. ಹೊಟ್ಟಿ ಉಬ್ಬಿದ್ರ ಅಜವಾನ, ಒಂದ ಚಿಟಿಕಿ ಉಪ್ಪು. ಬಾಣಂತಿಗೆ ಅಳವಿ ಪಾಯಸ, ಅಂಟಿನುಂಡಿ. ಇವೆಲ್ಲಾ ಊಟದ ಜೋಡಿ, ಊಟದ ಅಳತಿಯೊಳಗ ಇದ್ದಂಥಾವು. ಒಂದೆಲಗದ ಚಟ್ನಿ ವಾರಕ್ಕೊಮ್ಮೆ ಮಾಡಿದ್ರ ಯಾರಿಗೂ ಏನೂ ಆಗಂಗಿಲ್ಲ, ಬಾಯಿಗೂ ರುಚಿ.

ಡಬ್ಬಿ ಮಾತು ಬ್ಯಾರೆ. ಅಶ್ವಗಂಧ ಅಂದ್ರ ನಮ್ಮ ಕಡೆ ಹಿರೇಮದ್ದಿನ ಗಿಡ ಅಂತೀವಲ್ಲ, ಅದು. ಬದನಿಕಾಯಿ, ಟೊಮ್ಯಾಟೊ ಕುಲದ್ದ. ಬೇರಿಗೆ ಕುದುರಿ ವಾಸನಿ ಬರ್ತದ ಅಂತ ಆ ಹೆಸರು. ಮಧ್ಯಪ್ರದೇಶದ ನೀಮಚ್ ಕಡೆ ಹೊಲಗಟ್ಟಲೆ ಬೆಳೀತಾರ. ವೈದ್ಯರು ಅದನ್ನ ನಾಡಿ ನೋಡಿ, ಪಚನಶಕ್ತಿ ನೋಡಿ, ಹಾಲಿನ್ಯಾಗೋ ತುಪ್ಪದಾಗೋ ಅಂತ ಅನುಪಾನ ಹೇಳಿ, ಇಷ್ಟ ದಿನ ಅಂತ ಲೆಕ್ಕಾ ಹಾಕಿ ಕೊಡ್ತಾರ. ಈಗ ಅದರ ಸಾರಾ ತಗದು, ಗಟ್ಟಿ ಮಾಡಿ, ಗುಳಿಗಿಯೊಳಗ ತುಂಬಿ, ಚಾಕಲೇಟಿನಂಗ ಮಾರ್ತಾರ. ಕೊಡೋರು ನಾಡಿ ಬಿಡ್ರಿ, ಮಾರೀನೂ ನೋಡಿರಂಗಿಲ್ಲ.

ನಮ್ಮ ವಯಸ್ಸಿನವರೊಳಗ ಎಷ್ಟು ಮಂದಿ ಥೈರಾಯ್ಡ್ ಗುಳಿಗಿ ನುಂಗ್ತೀವಿ ಎಣಿಸಿ ನೋಡ್ರಿ. ಅಶ್ವಗಂಧ ಥೈರಾಯ್ಡ್ ಹಾರ್ಮೋನು ಏರಸಬಹುದು. ನಿದ್ದಿ ಗುಳಿಗಿ ಜೋಡಿ ಕೂಡಿದ್ರ ಮಂಪರು ಹೆಚ್ಚಾಗ್ತದ. ಬಸರಿದ್ದವರು ಮುಟ್ಟಲೇಬಾರದು. ಕೆಲವರಿಗೆ ಯಕೃತ್ತಿಗೂ ಪೆಟ್ಟು ಬಿದ್ದದ್ದು ಡಾಕ್ಟರುಗಳು ಬರದಾರ. ಡೆನ್ಮಾರ್ಕ್ ದೇಶದಾಗ 2023ರಾಗ ಅದನ್ನ ಮಾರೋದನ್ನ ಬಂದ್ ಮಾಡಿದ್ರು. ಜ್ಯೇಷ್ಠಮಧು ಗಂಟಲಿಗೆ ಛಲೋ ಖರೆ, ಆದ್ರ ದಿನಾ ಅಗಿದ್ರ ಬಿಪಿ ಏರ್ತದ. ಇದನ್ನ ಡಬ್ಬಿ ಮ್ಯಾಲೆ ದೊಡ್ಡ ಅಕ್ಷರದಾಗ ಬರೀತಾರೇನು?

ಕೊರೋನಾ ವರ್ಷ ನೆನಪದ ಅಲ್ಲ, ಎಲ್ಲಾರ ಮನ್ಯಾಗೂ ಅಮೃತಬಳ್ಳಿ ಕಷಾಯ. 2021ರಾಗ ಮುಂಬೈ ಡಾಕ್ಟರುಗಳು, ಅದನ್ನ ತೊಗೊಂಡ ಆರು ಮಂದಿಗೆ ಯಕೃತ್ತು ಕೆಟ್ಟದ್ದು ನೋಡೀವಿ ಅಂತ ಬರದರು. ಆಯುಷ್ ಸಚಿವಾಲಯದವರು, ಅದು ಅಮೃತಬಳ್ಳಿ ಅಲ್ಲ, ಅದರಂಗ ಕಾಣೋ ಬ್ಯಾರೆ ಬಳ್ಳಿ ಇದ್ದೀತು ಅಂದ್ರು. ಇರಲಿ, ಅವರ ಮಾತ ಖರೆ ಅಂತ ಹಿಡೀರಿ. ಹಂಗಿದ್ರ ನನಗ ಇನ್ನೂ ಅಂಜಿಕಿ! ಬಳ್ಳಿ ಕಣ್ಣಾರೆ ಕಂಡವರೇ ತಪ್ತಾರಂದ್ರ, ಡಬ್ಬಿಯಾಗಿನ ಪುಡಿ ನೋಡಿ ನನಗ ಹೆಂಗ ತಿಳೀಬೇಕು?

ನನ್ನ ನಾದಿನಿದ ಹೇಳ್ತೀನಿ. ಹತ್ತು ವರ್ಷದಿಂದ ಥೈರಾಯ್ಡ್ ಗುಳಿಗಿ, ಮನ್ಯಾಗ ಹಾಸಗಿ ಹಿಡದ ಮಾವ, ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರ ತನಕ ದುಡಿತ. ನಿದ್ದಿ ಇಲ್ಲ ಅಂದಿದ್ದಕ್ಕ ಡಬ್ಬಿ ಬಂತು. ಮೂರ ತಿಂಗಳಾದ ಮ್ಯಾಲೆ ಎದಿ ಬಡಬಡ ಅನ್ನಲಿಕ್ಕೆ ಹತ್ತಿತು, ರಕ್ತದ ರಿಪೋರ್ಟು ಹಿಂದು-ಮುಂದಾತು. ಡಾಕ್ಟರು "ಬ್ಯಾರೆ ಏನರೆ ತೊಗೋತೀರೇನು" ಅಂದ್ರ ಈಕಿ "ಏನಿಲ್ರಿ" ಅಂದಳು. ಸುಳ್ಳು ಹೇಳಲಿಲ್ಲ ಆಕಿ. ಅದು ಔಷಧ ಅಂತ ಆಕಿಗೆ ಯಾರೂ ಹೇಳೇ ಇದ್ದಿಲ್ಲ, "ನ್ಯಾಚುರಲ್" ಅಂದಿದ್ರು. ಮಗಳು ಡಬ್ಬಿ ಒಯ್ದು ತೋರಿಸಿದ ಮ್ಯಾಲೆ ಡಾಕ್ಟರು ಅದನ್ನ ನಿಲ್ಲಿಸಿದ್ರು.

ಆಯುರ್ವೇದ ಆಯುರ್ವೇದ ಅಂತ ಜಪಾ ಮಾಡೋರಿಗೆ ನನ್ನದೊಂದು ಪ್ರಶ್ನಿ. ಚರಕಸಂಹಿತಾದಾಗ ತಡೀಬಾರದ 13 ವೇಗ ಹೇಳ್ಯಾರ, ಸೂತ್ರಸ್ಥಾನದ ಏಳನೇ ಅಧ್ಯಾಯ. ಮೂತ್ರ, ಹಸಿವಿ, ನೀರಡಿಕಿ, ನಿದ್ದಿ, ಆಕಳಿಕಿ, ಕಣ್ಣೀರು, ದಣದಾಗ ಬರೋ ಏದುಸಿರು, ಎಲ್ಲಾ ಅದರಾಗ ಅವ. ತಡದ್ರ ರೋಗ ಬರ್ತದ ಅಂತ. ಈಗ ನೀವ ಹೇಳ್ರಿ, ಒಂದು ಮದವಿ ಮನ್ಯಾಗ, ಒಂದು ಶ್ರಾದ್ಧದ ಅಡಿಗಿಯಾಗ ನಾವು ಹೆಣ್ಮಕ್ಕಳು ಇದರಾಗ ಎಷ್ಟು ತಡೀತೀವಿ? ಮಡಿ ಹೋಗ್ತದ ಅಂತ ಮೂತ್ರ ತಡೀತೀವಿ. ಗಂಡಸರದಾಗೂ ತನಕ ಹಸಿವಿ ತಡೀತೀವಿ. ಮಂದಿ ಏನಂದಾರು ಅಂತ ಕಣ್ಣೀರು ತಡೀತೀವಿ. ನಿದ್ದಿದಂತೂ ಲೆಕ್ಕಾನ ಇಲ್ಲ. ಈ ಅಧ್ಯಾಯ ಮಾತ್ರ ಯಾರೂ ಲಿಂಕ್ ಕಳಸಂಗಿಲ್ಲ!

ಅದ ಗ್ರಂಥದಾಗ ಶರೀರಕ್ಕ ಮೂರು ಆಧಾರಕಂಬ ಅಂದಾರ. ಆಹಾರ, ನಿದ್ದಿ, ಬ್ರಹ್ಮಚರ್ಯ. (ಮೂರನೇದ್ದು ಬಿಡ್ರಿ, ನಮ್ಮ ವಯಸ್ಸಿನಾಗ ಅದರ ಮಾತ್ಯಾಕ.) ಅಶ್ವಗಂಧ ಆ ಕಂಬದಾಗಿಲ್ಲ. ಕಂಬಾ ಎರಡೂ ಕಿತ್ತು ಒಗದು, ಗ್ವಾಡಿಗೆ ಸುಣ್ಣಾ ಬಳದಂಗ ಆತು ನಮ್ಮ ಮನಿಗಳ ಆಯುರ್ವೇದ.

"ನಾವು ಮಾಡ್ಲಿಲ್ಲೇನು, ನಿಮಗ ಮಾತ್ರ ಸ್ಟ್ರೆಸ್ಸು" ಅಂತ ಹಿರ್ಯಾರು ಅಂತಾರ, ಗೊತ್ತದ. ಅವರು ಭಾಳ ಮಾಡ್ಯಾರ, ಇಲ್ಲ ಅನ್ನಂಗಿಲ್ಲ. ಆದ್ರ ಆಗ ಒಂದ ಮನ್ಯಾಗ ಅತ್ತಿ, ನೆಗೆಣ್ಣಿ, ವಿಧವಾ ಅತ್ಯಾ ಅಂತ ಎಂಟು ಕೈ ಇರ್ತಿದ್ವು. ಮಧ್ಯಾಹ್ನ ಭಾಂಡೆ ತೊಳದ ಮ್ಯಾಲೆ ಪಡಸಾಲಿಯೊಳಗ ಸೆರಗು ಹಾಸಿ ಒಂದ ತಾಸು ಮಲಗ್ತಿದ್ರು. ಈಗ ಎರಡ ಕೈ, ಮ್ಯಾಲೆ ಫೋನು. ಅಷ್ಟಕ್ಕೂ ಅವರು ಸುಖಾ ಇದ್ರು ಅಂತ ಯಾರು ಹೇಳ್ಯಾರ? ದೇವರ ಮನ್ಯಾಗ ಕೂತು ಅತ್ತದ್ದನ್ನ ನಾವೂ ನೋಡೀವಲ್ಲ.

ಅದಕ್ಕ ನಾ ಹೇಳೋದು, ಖರೇನ ಔಷಧ ಬೇಕಂದ್ರ ಓದಿದ ಆಯುರ್ವೇದ ಡಾಕ್ಟರ ಕಡೆ ಹೋಗ್ರಿ, ನುಂಗೋ ಎಲ್ಲಾ ಗುಳಿಗಿ ಒಂದು ಚೀಲದಾಗ ಹಾಕ್ಕೊಂಡು ಹೋಗಿ ಟೇಬಲ್ ಮ್ಯಾಲೆ ಸುರುವ್ರಿ. ಇಂಗ್ಲಿಷ್ ಔಷಧದ ಡಾಕ್ಟರಿಗೂ ಕಷಾಯದ ಸುದ್ದಿ ಹೇಳ್ರಿ. ನಾಚಬ್ಯಾಡ್ರಿ. ಮತ್ತ ಮನ್ಯಾಗ ಯಾರರೆ ಡಬ್ಬಿ ಹಿಡಕೊಂಡು ಬಂದ್ರ, "ಇದನ್ನ ವಾಪಸ್ ಮಾಡಿ ಆ ರೊಕ್ಕದಾಗ ಭಾಂಡೆ ತೊಳಿಯಾಕಿನ್ನ ಹಚ್ಚಿಕೊಡು" ಅನ್ರಿ. ಬಾಯಿ ಬಿಟ್ಟು ಅನ್ರಿ.

ನನ್ನ ನಾದಿನಿ ಈಗ ಮಧ್ಯಾಹ್ನ ಎರಡರಿಂದ ಮೂರೂವರಿ ತನಕ ಖೋಲಿ ಬಾಗಲಾ ಹಾಕ್ಕೊಂಡು ಮಲಗ್ತಾಳ. ಮೊದಲ ವಾರ ನಾಕ ಸಲ ಬಾಗಲಾ ಬಡದ್ರಂತ, ಸಕ್ಕರಿ ಡಬ್ಬಿ ಎಲ್ಲೇದ ಅಂತ ಕೇಳಲಿಕ್ಕೆ. ಎರಡನೇ ವಾರ ಅವಳ ಗಂಡ ತಾನ ಹುಡುಕಿಕೊಂಡು ಚಹಾ ಮಾಡಿ ಅಪ್ಪಗೂ ಕುಡಿಸ್ಯಾನ. ಚಹಾ ಮಾತ್ರ ಕಲಗಚ್ಚಿನಂಗ ಇರ್ತದ ಅಂತಾಳ, ಆದ್ರೂ ಕುಡೀತಾಳ.