ಗೆರೆಯನ್ನು ಜರುಗಿಸುವ ಮುನ್ನ

ಉಪಗ್ರಹದ ಚಿತ್ರ ಸುಳ್ಳು ಹೇಳಲಾರದೆಂಬ ನಂಬಿಕೆ ಗಣಕದ ಮುಂದೆ ಕುಳಿತು ನಕಾಶೆ ತಿದ್ದುವವರಲ್ಲಿ ಬೇರೂರಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ, ಯಾರು ಬೇಕಾದರೂ ತಿದ್ದಬಹುದಾದ ಸಾರ್ವಜನಿಕ ನಕಾಶೆ. 2010ರ ಕೊನೆಯಲ್ಲಿ ಮೈಕ್ರೋಸಾಫ್ಟ್ ತನ್ನ ಬಿಂಗ್ ಚಿತ್ರಗಳನ್ನು ಅದರ ಬಳಕೆಗೆ ಬಿಟ್ಟುಕೊಟ್ಟ ಮೇಲೆ, ಬಂಟ್ವಾಳವನ್ನಾಗಲೀ ಬೆಳ್ತಂಗಡಿಯನ್ನಾಗಲೀ ಕಂಡರಿಯದವರಿಗೂ ಅಲ್ಲಿನ ರಸ್ತೆಗಳನ್ನು ‘ಸರಿಪಡಿಸುವ’ ಅವಕಾಶ ಒದಗಿತು. ಗೆರೆಯೂ ಚಿತ್ರವೂ ಹೊಂದದಿದ್ದರೆ ಗೆರೆಯನ್ನೇ ಎಳೆದು ಚಿತ್ರದ ಮೇಲೆ ಕೂರಿಸುವುದು ಸುಲಭದ ದಾರಿ. ತಪ್ಪಿರುವುದು ಚಿತ್ರವೇ ಇರಬಹುದಲ್ಲವೆ ಎಂದು ಕೇಳುವವರು ವಿರಳ.

ಉಪಗ್ರಹವು ಸಾಮಾನ್ಯವಾಗಿ ನೇರ ನೆತ್ತಿಯಿಂದಲ್ಲ, ಓರೆಯಾಗಿ ನೋಡುತ್ತದೆ. ಓರೆನೋಟದಲ್ಲಿ ಎತ್ತರದ ನೆಲವು ಪಕ್ಕಕ್ಕೆ ವಾಲುತ್ತದೆ. ನೆಲದ ಎತ್ತರವನ್ನು ಲೆಕ್ಕಕ್ಕೆ ಹಿಡಿದು ಆ ವಾಲನ್ನು ನೇರ್ಪಡಿಸಬೇಕು. 20 ಡಿಗ್ರಿ ಓರೆಯ ಚಿತ್ರದಲ್ಲಿ ಎತ್ತರದ ಲೆಕ್ಕ 30 ಮೀಟರ್ ತಪ್ಪಿದರೆ ರಸ್ತೆಯು ಸುಮಾರು 11 ಮೀಟರ್ ಆಚೆಗೆ ಬಿದ್ದಿರುತ್ತದೆ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ ಎತ್ತರಗಳಲ್ಲಿಯಂತೂ ದಟ್ಟ ಕಾಡಿನ ಮರಗಳ ಎತ್ತರವೂ ಬೆರೆತಿದೆ. ಬಯಲುಸೀಮೆಗೆ ಇದೊಂದು ಅಲ್ಪ ದೋಷವಿರಬಹುದು. ಒಂದೆಡೆ ಬರೆ, ಇನ್ನೊಂದೆಡೆ ಪ್ರಪಾತವಿರುವ ಚಾರ್ಮಾಡಿಯ ತಿರುವಿನಲ್ಲಿ 11 ಮೀಟರ್ ಎಂದರೆ ರಸ್ತೆಯು ಗಾಳಿಯಲ್ಲಿ ತೇಲಿದಂತೆ. ಮಿಗಿಲಾಗಿ, ಈ ತಪ್ಪು ಎಲ್ಲೆಡೆ ಒಂದೇ ಅಳತೆಯದಲ್ಲ. ರಾಷ್ಟ್ರೀಯ ಹೆದ್ದಾರಿ 73 ನೇತ್ರಾವತಿಯ ತಗ್ಗಿನಿಂದ ಘಟ್ಟದ ನೆತ್ತಿಗೆ ಏರುತ್ತದೆ, ಬಿ.ಸಿ. ರೋಡಿನಲ್ಲಿ ಹೊಂದಿದ ಅಳತೆಯನ್ನೇ ಚಾರ್ಮಾಡಿಗೂ ಹೊಂದಿಸುವುದು ಅವಿವೇಕ.

ಚಿತ್ರದ ವಯಸ್ಸನ್ನೂ ನೋಡಬೇಕು. ಬಿಕರ್ನಕಟ್ಟೆ–ಸಾಣೂರು ಚತುಷ್ಪಥ ಕಾಮಗಾರಿಯಿಂದ ಮೂಡುಬಿದಿರೆಯ ಹೆದ್ದಾರಿಯ ಜಾಡೇ ಹಲವೆಡೆ ಬದಲಾಯಿತು. ಹಳೆಯ ಚಿತ್ರವನ್ನು ನಂಬಿ ‘ತಿದ್ದಿದವನು’ ವಾಹನಗಳನ್ನು ಇಲ್ಲದ ರಸ್ತೆಗೆ ಕಳುಹಿಸುತ್ತಾನೆ. ಅಡಿಕೆ ತೋಟದ, ಕಾಡಿನ ಮರೆಯಲ್ಲಿ ರಸ್ತೆ ಕಾಣದೆ ಹೋದಾಗ ಊಹೆಯೇ ಗೆರೆಯಾಗುತ್ತದೆ. ಶಿಶಿಲ–ಭೈರಾಪುರ ರಸ್ತೆಯ ಪ್ರಸ್ತಾವವನ್ನು ಪರಿಸರಾಸಕ್ತರು ವಿರೋಧಿಸುತ್ತ ಬಂದಿರುವ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಕಾಡಿನ ಕಾಲುದಾರಿಯೊಂದು ನಕಾಶೆಯಲ್ಲಿ ದಪ್ಪಗೆರೆಯಾಗಿ ಮೂಡಿದರೆ ‘ಇಲ್ಲಿ ಮೊದಲೇ ರಸ್ತೆಯಿತ್ತು’ ಎನ್ನುವವರಿಗೆ ಪುಕ್ಕಟೆ ಸಾಕ್ಷಿ ಸಿಕ್ಕಂತಾಯಿತು.

ಆದರೆ ದೂರು ಹೊರಗಿನವರ ಮೇಲಷ್ಟೇ ಅಲ್ಲ. ಪ್ರತಿದಿನ ಆ ಬಸ್ಸುಗಳಲ್ಲಿ ಓಡಾಡುವವರ ಜೇಬಿನಲ್ಲಿ ಜಿಪಿಎಸ್ ಇರುವ ಫೋನು ಸುಮ್ಮನೆ ಮಲಗಿದೆ. ಹಿಂದೆ ಕಾನೂನಿನ ಅಂಜಿಕೆಯಾದರೂ ಇತ್ತು. 2021ರ ಫೆಬ್ರವರಿ 15ರ ಕೇಂದ್ರದ ಮಾರ್ಗಸೂಚಿ ಭಾರತೀಯರು ಇಂತಹ ಮಾಹಿತಿ ಕಲೆಹಾಕಲು ಪೂರ್ವಾನುಮತಿ ಬೇಡವೆಂದಿತು. ಮರಗಳಡಿ ಒಂದು ಜಾಡು ತಪ್ಪಬಹುದು. ಹೋಗುವಾಗ, ಬರುವಾಗ ದಾಖಲಿಸಿದ ಹತ್ತಾರು ಜಾಡುಗಳ ನಡುಗೆರೆ ಅಷ್ಟಾಗಿ ತಪ್ಪದು. ಮೊದಲು ಆ ಜಾಡಿಗೆ ಚಿತ್ರವನ್ನು ಹೊಂದಿಸಬೇಕು (ಜೋಸಮ್, ಐಡಿ ಎರಡೂ ತಂತ್ರಾಂಶಗಳಲ್ಲಿ ಆ ಸೌಲಭ್ಯವಿದೆ), ಅನಂತರವೇ ರಸ್ತೆಯನ್ನು ಮುಟ್ಟಬೇಕು. ಯಾವ ಚಿತ್ರ, ಎಷ್ಟು ಜರುಗಿಸಿದ್ದು, ಯಾವ ಜಾಡಿನ ಆಧಾರ ಎಂಬುದನ್ನು ತಿದ್ದುಪಡಿಯ ಟಿಪ್ಪಣಿಯಲ್ಲಿ ಬರೆಯದವರು ಘಟ್ಟದ ರಸ್ತೆಗಳನ್ನು ಇದ್ದಲ್ಲಿಯೇ ಇರಗೊಡಲಿ.