ಮವಾನ್ವಿ ಕಷ್ಟದ ಹೆಸರಲ್ಲ ಸ್ವಾಮಿ!

ಮಕ್ಕಳಿಗೆ ಇಡೋ ಹೆಸರುಗಳ ಪಟ್ಟಿ ಕಂಡರೆ ನನಗೆ ಮೈ ಉರಿಯುತ್ತೆ. ವೇಲ್ಸ್ ದೇಶದ ‘ಮವಾನ್ವಿ’ ಅನ್ನೋ ಹೆಣ್ಣು ಹೆಸರಿನ ಮುಂದೆ ಅವು ಬರೆಯೋದು ಇಷ್ಟೇ. ಮೂಲ: ಪುರಾತನ. ಅರ್ಥ: ಮುದ್ದಿನವಳು. ಉಚ್ಚಾರ: ಕಷ್ಟ. ಮುಗೀತು ಕಥೆ!

ಕಷ್ಟ ಯಾರಿಗೆ? ಇಂಗ್ಲಿಷ್ ಸ್ಪೆಲ್ಲಿಂಗೇ ವೇದವಾಕ್ಯ ಅಂದ್ಕೊಂಡವರಿಗೆ. ವೆಲ್ಶ್‌ನಲ್ಲಿ ಒಂದು ‘ಎಫ್’ ಇದ್ದರೆ ‘ವ’, ಎರಡಿದ್ದರೆ ‘ಫ’. ಇಷ್ಟು ಗೊತ್ತಾದರೆ ಅರ್ಧ ಕಷ್ಟ ಹೋಯ್ತು. ಕನ್ನಡದಲ್ಲಂತೂ ಮೂರೇ ಅಕ್ಷರ.

ಇನ್ನು ‘ಪುರಾತನ’ದ ವಿಷಯ. 14ನೇ ಶತಮಾನದಲ್ಲಿ ಹವೆಲ್ ಅಬ್ ಐನಿಯಾನ್ ಎಂಬ ಕವಿ ಮವಾನ್ವಿ ವುಖನ್ ಎಂಬ ಚೆಲುವೆಯ ಮೇಲೆ ಪದ್ಯ ಬರೆದದ್ದು ನಿಜ. ಲಾಂಗೋಲೆನ್ ಊರಿನ ಮೇಲಿರೋ ದಿನಾಸ್ ಬ್ರಾನ್ ಕೋಟೆಯವಳು ಅವಳು. ಆದರೆ ಹೆಸರು ಮನೆಮಾತಾಗಿದ್ದು 19ನೇ ಶತಮಾನದಲ್ಲಿ. ಅದರ ಹಿಂದೆ ಒಂದು ಅವಮಾನ ಇದೆ.

1847ರಲ್ಲಿ ವೇಲ್ಸ್‌ನ ಶಾಲೆಗಳ ಬಗ್ಗೆ ಸರ್ಕಾರಿ ವರದಿ ಬಂತು. ತಯಾರಿಸಿದ ಮೂವರು ಕಮಿಷನರುಗಳಿಗೂ ವೆಲ್ಶ್ ಬರ್ತಿರಲಿಲ್ಲ! ಜನರ ಏಳಿಗೆಗೆ ಅವರ ಭಾಷೆಯೇ ಅಡ್ಡಿ, ಅಲ್ಲಿನ ಹೆಂಗಸರ ನಡತೆ ಸರಿಯಿಲ್ಲ ಅಂತೆಲ್ಲ ಬರೆದರು. ವೆಲ್ಶ್ ಜನ ಅದನ್ನು ‘ನೀಲಿ ಪುಸ್ತಕಗಳ ದ್ರೋಹ’ ಅಂತಲೇ ಕರೆದರು.

ಹನ್ನೊಂದು ವರ್ಷದ ಮೇಲೆ, 1858ರಲ್ಲಿ, ಅದೇ ಲಾಂಗೋಲೆನ್‌ನಲ್ಲಿ ಐಸ್ಟೆಡ್‌ವೊಡ್ ಎಂಬ ಸಾಹಿತ್ಯ-ಸಂಗೀತದ ಹಬ್ಬ. ಮ್ಯಾಂಚೆಸ್ಟರಿನಲ್ಲಿ ರೈಲ್ವೆ ಗುಮಾಸ್ತನಾಗಿದ್ದ ಕೇರಿಯೋಗ್ ಎಂಬ ಕವಿ ‘ಮವಾನ್ವಿ ವುಖನ್’ ಪದ್ಯಕ್ಕೆ ಬಹುಮಾನ ಗೆದ್ದ. ಅವನ ಮವಾನ್ವಿ ಗುಣವಂತೆ, ಘನತೆಯವಳು. ವರದಿಯ ಕೊಳಕು ಮಾತಿಗೆ ಅದೇ ಉತ್ತರವಾಯ್ತು. 1875ರಲ್ಲಿ ಜೋಸೆಫ್ ಪ್ಯಾರಿಯ ‘ಮವಾನ್ವಿ’ ಹಾಡು ಬಂತು, ಗಂಡಸರ ಗಾಯನ ಮೇಳಗಳು ಇವತ್ತಿಗೂ ಅದನ್ನು ಹಾಡ್ತವೆ. ಅಪ್ಪ ಅಮ್ಮಂದಿರು ಹೆಣ್ಣುಮಕ್ಕಳಿಗೆ ಆ ಹೆಸರಿಟ್ಟರು. 1911ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಮುಂದೆ ಬ್ರಿಟನ್ ಎಂಬ ಸಂಗೀತಗಾರನ ಆಪೆರಾಗಳಿಗೆ ಸಾಹಿತ್ಯ ಬರೆದ ಮವಾನ್ವಿ ಪೈಪರ್ ಕೂಡ ಒಬ್ಬಳು.

ಗಂಡಸರು ಮಾಡಿದ ಅವಮಾನಕ್ಕೆ ಹೆಣ್ಣೇ ಶೀಲವಂತೆಯಾಗಿ ಉತ್ತರ ಕೊಡಬೇಕಾ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನನಗೂ ಅದು ಕಸಿವಿಸಿಯೇ. ಆದರೆ ಆ ಜಗಳ ಆಡೋಕಾದರೂ ಕಥೆ ಗೊತ್ತಿರಬೇಕಲ್ಲ! ‘ಪುರಾತನ’ ಅಂತ ಒಂದು ಮಾತು ಗೀಚಿದರೆ ವರದಿಯೂ ಮಾಯ, ಸಿಟ್ಟೂ ಮಾಯ.

ಈಗ ಅಲ್ಲಿ ಇದು ಅಜ್ಜಿಯರ ಹೆಸರು, ಮಕ್ಕಳಲ್ಲಿ ಅಪರೂಪ. ವೆಲ್ಶ್ ಮಾತಾಡೋರು 2021ರ ಜನಗಣತಿಯಲ್ಲಿ ನೂರಕ್ಕೆ 17.8. ಇಂಥ ಕಡೆ ‘ಉಚ್ಚಾರ ಕಷ್ಟ’ ಅನ್ನೋದು ಬರೀ ಮಾಹಿತಿ ಅಲ್ಲ. ಈ ಹೆಸರು ಬೇಡ ಅಂತ ತಾಯಂದಿರ ಕಿವಿಯಲ್ಲಿ ಊದಿದ ಹಾಗೆ. ‘ಳ’ ಇರೋ ಹೆಸರಿಟ್ಟುಕೊಂಡು ಹೊರದೇಶದ ಆಫೀಸಿನಲ್ಲಿ ಕೂತಿರೋ ಕನ್ನಡಿಗರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ.

ಹೆಸರು ಕಷ್ಟ ಅಂದರೆ ಕಲೀರಿ. ಎರಡು ನಿಮಿಷ ಸಾಕು.