ಹುಡುಕದವರಿಗೆ ಅಪರೂಪ

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಹಾರ್ಮೋನಿನ ಮಾತೇಕೆ ಎಂದು ಮಿತ್ರರು ಹುಬ್ಬೇರಿಸಬಹುದು. ಇರಲಿ. ಕಲಬುರಗಿ, ಬೀದರ, ರಾಯಚೂರಿನಿಂದ ಹೈದರಾಬಾದಿನ ಆಸ್ಪತ್ರೆಗಳಿಗೆ ಬರುವ ನಮ್ಮವರ ಜೊತೆ ದುಭಾಷಿಯಾಗಿ ನಿಲ್ಲುವವರು ನಾವೇ ತಾನೆ?

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನು ಸುರಿಸುತ್ತವೆ: ಬೆಳಗ್ಗೆ ಹೆಚ್ಚು, ನಡುರಾತ್ರಿ ತೀರ ಕಡಿಮೆ. ಮೆದುಳಿನಡಿಯ ಪಿಟ್ಯುಟರಿಯಲ್ಲೋ ಅಡ್ರಿನಲ್‌ನಲ್ಲೋ ಸಣ್ಣ ಗಡ್ಡೆ ಎದ್ದರೆ ಈ ಲೆಕ್ಕ ತಪ್ಪಬಹುದು. ಆಗ ಮುಖ ದುಂಡಗಾಗುತ್ತದೆ, ಹೊಟ್ಟೆ ಬೆಳೆದು ಕೈಕಾಲು ಸೊರಗುತ್ತವೆ, ಚರ್ಮ ಬೇಗ ಕಂದುತ್ತದೆ, ನೇರಳೆ ಗೆರೆಗಳು ಮೂಡುತ್ತವೆ. ಜೊತೆಗೆ ಬಿ.ಪಿ., ಸಕ್ಕರೆ, ನಿದ್ದೆಗೇಡು, ಮಂಕು. ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಷಿಂಗ್ 1912ರಲ್ಲಿ ವಿವರಿಸಿದ ಈ ರೋಗಕ್ಕೆ ಅವರದೇ ಹೆಸರು.

ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಬೆರಳೆಣಿಕೆಯ ಮಂದಿಗೆ ಮಾತ್ರ ಎನ್ನುತ್ತವೆ ಪುಸ್ತಕಗಳು. ಅದು ಪತ್ತೆಯಾದವರ ಲೆಕ್ಕ ಎಂಬುದು ನನ್ನ ತಕರಾರು. ಸಕ್ಕರೆ ಹತೋಟಿಗೆ ಬಾರದ, ತೂಕ ಹೆಚ್ಚಿದ 200 ಮಂದಿಯನ್ನು ಫ್ರಾನ್ಸಿನಲ್ಲಿ ಪರೀಕ್ಷಿಸಿದಾಗ 4 ಮಂದಿಯಲ್ಲಿ ಇದು ಅಡಗಿತ್ತೆಂದು 2003ರಲ್ಲಿ ವರದಿಯಾಯಿತು. ಹುಡುಕಿದರು, ಸಿಕ್ಕಿತು. ಪತ್ತೆಗೆ ಸರಾಸರಿ 34 ತಿಂಗಳು ಹಿಡಿಯುತ್ತದೆ ಎಂದಿತು, ಹಲವು ಅಧ್ಯಯನಗಳನ್ನು ಕೂಡಿಸಿದ 2020ರ ಒಂದು ಲೆಕ್ಕ.

ಇಷ್ಟು ತಡ ಯಾಕೆ? ಬಿ.ಪಿ. ಒಬ್ಬ ಡಾಕ್ಟರಿಗೆ, ಸಕ್ಕರೆ ಇನ್ನೊಬ್ಬರಿಗೆ, ಮುಟ್ಟಿನ ಏರುಪೇರು ಮತ್ತೊಬ್ಬರಿಗೆ. ಮನಸ್ಸಿನ ಮಾತು ಯಾರಿಗೂ ಇಲ್ಲ. ಮನೆಯವರದು ಒಂದೇ ತೀರ್ಪು: “ಉಂಡು ಉಂಡು ಮೈ ಬಂದದ, ಕೆಲಸ ಅಂದ್ರ ಆಗಂಗಿಲ್ಲ.” ರೋಗ ಹೆಚ್ಚಾಗಿ ಬರುವುದು ಹೆಂಗಸರಿಗೆ. ಕೂತಲ್ಲಿಂದ ಏಳಲಾರದ ಸೊಸೆ ಸೋಮಾರಿಯಲ್ಲ, ಅವಳ ತೊಡೆಯ ಸ್ನಾಯುವೇ ಕರಗಿರಬಹುದು.

ಕೀಲುನೋವಿಗೆ, ದಮ್ಮಿಗೆ ಚೀಟಿಯಿಲ್ಲದೆ ಕೊಂಡ ಸ್ಟಿರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೂ ಇದೇ ರೂಪ. ಅದನ್ನು ತಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಡಾಕ್ಟರ್ ಹೇಳಿದಂತೆ ಮೆಲ್ಲಗೆ ಇಳಿಸಬೇಕು.

ಹಾಗಂತ ದಪ್ಪಗಿರುವವರಿಗೆಲ್ಲ ಪರೀಕ್ಷೆ ಬೇಡ. ಇಲ್ಲದ ರೋಗ ಇದೆ ಎಂದೂ ಫಲಿತಾಂಶ ಬರುವುದುಂಟು. ನಾಲ್ಕಾರು ಲಕ್ಷಣ ಒಟ್ಟಿಗೆ ಸೇರಿ ಏರುತ್ತಿದ್ದರೆ ಕೇಳಲೇಬೇಕು. ನಡುರಾತ್ರಿಯ ಜೊಲ್ಲು, 24 ಗಂಟೆಯ ಮೂತ್ರ, ಇಲ್ಲವೆ ರಾತ್ರಿ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ನುಂಗಿ ಬೆಳಗಿನ ರಕ್ತ: ಇವೇ ಮೊದಲ ಪರೀಕ್ಷೆಗಳು. ಉಸ್ಮಾನಿಯಾ ಆಸ್ಪತ್ರೆಯಲ್ಲೂ ಪಂಜಗುಟ್ಟದ ನಿಮ್ಸ್‌ನಲ್ಲೂ ಎಂಡೊಕ್ರೈನಾಲಜಿ ವಿಭಾಗವಿದೆ.

ನಮ್ಮ ಪಾಲಿನ ಕೆಲಸ ಚಿಕ್ಕದು. ಊರಿಂದ ಬಂದವರ ತೊಂದರೆಗಳನ್ನೆಲ್ಲ ಒಂದೇ ಹಾಳೆಯಲ್ಲಿ, ಶುರುವಾದ ತಿಂಗಳ ಸಮೇತ ಬರೆದುಕೊಡಿ. ಮೂರ್ನಾಲ್ಕು ವರ್ಷದ ಹಿಂದಿನ ಫೋಟೋ ತರಲು ಹೇಳಿ. ಮುಖ ಬದಲಾದದ್ದು ಡಾಕ್ಟರಿಗೆ ಕಾಣಲಿ. ಭಾಷೆ ಓದಿದವರಿಂದ ಇಷ್ಟಾದರೂ ಆಗಬೇಡವೆ?